ಎರಡು ಬೆರಳಿನ ದಾವಾ

ಕೃಷ್ಣರಾಜಪೇಟೆ
೩ ನವೆಂಬರ್ ೧೯೩೫

ಚಿರಂಜೀವಿ ಶಿವಲಿಂಗನಿಗೆ ಅಕ್ಕ ಪಾರ್ವತಿಯ ಆಶೀರ್ವಾದ.

ಉಭಯಕುಶಲ ಎಂದು ಬರೆಯಲು ಹೊರಟರೆ ಅರ್ಧ ಸುಳ್ಳಾಗುತ್ತದೆ. ಅಪ್ಪನ ಕೈ ಗಾಯ ಪೂರ್ತಿ ಮಾಯ್ದಿದೆ, ಅಷ್ಟು ನಿಜ. ಮಿಕ್ಕಿದ್ದನ್ನು ಓದಿ ನೀನೇ ಹೇಳು, ಇದಕ್ಕೆ ಕುಶಲ ಅನ್ನುತ್ತಾರೋ ಇನ್ನೇನು ಅನ್ನುತ್ತಾರೋ.

ನಿನ್ನೆ ನಾಗಮಂಗಲದ ಕರಿಯಪ್ಪ ಬಂದಿದ್ದ. ಯಾರನ್ನೋ ಕಳಿಸಲಿಲ್ಲ, ಅವನೇ ಬಂದ. ಅದೂ ಅದೇ ಕಾರಿನಲ್ಲಿ! ಹೇಮಗಿರಿ ದನದ ಜಾತ್ರೆ ಮುಗಿಸಿಕೊಂಡು ಅಪ್ಪ ಗಾಡಿಯ ಪಕ್ಕದಲ್ಲಿ ಎತ್ತಿನ ಜೋಡಿ ಹಿಡಿದು ಬರುತ್ತಿದ್ದಾಗ ಹಿಂದಿನಿಂದ ನುಗ್ಗಿ, ಅಪ್ಪನ ಬಲಗೈಯನ್ನು ಗಾಡಿಯ ಚಕ್ರಕ್ಕೂ ತನಗೂ ನಡುವೆ ಅರೆದುಹಾಕಿತಲ್ಲ, ಆ ಕಾರು. ಮೈಸೂರಿನ ಡಾಕ್ಟರು ಉಂಗುರದ ಬೆರಳನ್ನೂ ಕಿರುಬೆರಳನ್ನೂ ಬುಡಕ್ಕೇ ತೆಗೆಯುವಂತೆ ಮಾಡಿದ ಕಾರು. ಚೆನ್ನಾಗಿ ತೊಳೆಸಿಕೊಂಡು ಬಂದಿದ್ದ. ಕೈಯಲ್ಲಿ ಒಂದು ಗೊನೆ ರಸಬಾಳೆ.

ನಾನು ಒಲೆಯ ಮುಂದಿನಿಂದ ಎದ್ದು ಬಂದು ಅವನ ಜನ್ಮ ಜಾಲಾಡಿಬಿಡಬೇಕು ಎಂದುಕೊಂಡೆ. ಅಪ್ಪ ಕಣ್ಣಲ್ಲೇ ಗದರಿಸಿದ. ಬಸ್ಸು, ಕಾರು ಎಂದು ಮೆರೆಯುವ ಮೊದಲು ಕರಿಯಪ್ಪನೂ ದನದ ವ್ಯಾಪಾರಿಯೇ ಅಲ್ಲವೇ? ಅವನ ಎಷ್ಟೋ ಜೋಡಿಗೆ ಅಪ್ಪನೇ ದಲ್ಲಾಳಿ. ಆ ಸಲುಗೆ ಇನ್ನೂ ಉಳಿದಿದೆ ಎಂದು ಅಪ್ಪನ ಲೆಕ್ಕ.

"ಅಂದಾನಯ್ಯ, ನಂಗೆ ಆವತ್ತಿಂದ ಅನ್ನ ಸೇರ್ತಿಲ್ಲ ಕಣಯ್ಯ. ಕೋರ್ಟು ಗೀರ್ಟು ಅಂತ ನಿನ್ನ ಮಗ ಓಡಾಡ್ತಾವ್ನಂತೆ. ನಮ್ಮಿಬ್ರ ಮಧ್ಯೆ ಅದ್ಯಾಕೆ? ಇಲ್ಲೇ ಇತ್ಯರ್ಥ ಮಾಡ್ಕಳಾನ" ಅಂದ.

ಅಪ್ಪ ಕ್ಷಣವೂ ಯೋಚಿಸಲಿಲ್ಲ. "ಟವಲು ಆಕು" ಅಂದ.

ನಿನಗೆ ಗೊತ್ತಿರುವುದೇ. ಆದರೂ ನೀನು ಗುಮಾಸ್ತನಾಗಿರುವ ವಕೀಲರಿಗೆ ಓದಿ ಹೇಳುವಾಗ ಅವರಿಗೂ ಅರ್ಥವಾಗಲಿ ಎಂದು ಬರೆಯುತ್ತೇನೆ. ದನದ ದಲ್ಲಾಳಿ ಬಾಯಲ್ಲಿ ಬೆಲೆ ಹೇಳುವುದಿಲ್ಲ, ಕೇಳುವುದೂ ಇಲ್ಲ. ಕೈ ಮೇಲೆ ಟವಲು ಮುಚ್ಚಿಕೊಂಡು ಒಳಗೆ ಎದುರಿನವನ ಬೆರಳು ಹಿಡಿಯುವುದು. ಎಷ್ಟು ಬೆರಳು ಹಿಡಿದರೆ ಅಷ್ಟು. ಹತ್ತರ ಲೆಕ್ಕವೋ ನೂರರ ಲೆಕ್ಕವೋ ಎನ್ನುವುದಷ್ಟೇ ಬಾಯಲ್ಲಿ. ಸುತ್ತ ನಿಂತವರಿಗೆ ಟವಲು ಅಲ್ಲಾಡಿದ್ದು ಕಾಣುತ್ತದೆಯೇ ಹೊರತು ಬೆಲೆ ಕಾಣುವುದಿಲ್ಲ. ಇಬ್ಬರೂ ತಲೆಯಾಡಿಸಿ ಕೈ ಬಿಟ್ಟರೆ ಮುಗಿಯಿತು, ಆಮೇಲೆ ಯಾರೂ ತಿರುಗಿಬೀಳುವಂತಿಲ್ಲ.

"ನೂರರಲ್ಲಿ" ಅಂದ ಕರಿಯಪ್ಪ. ಟವಲು ಒಂದೇ ಸಲ ಅಲ್ಲಾಡಿತು. ಅಪ್ಪ ತಲೆಯಾಡಿಸಿದ. ಅವನೂ ಆಡಿಸಿದ. ತಿಂಗಳೊಪ್ಪತ್ತಿನಲ್ಲಿ ದುಡ್ಡು ಕಳಿಸುತ್ತೇನೆಂದು ಹೇಳಿ ಕಾರು ಹತ್ತಿ ಹೊರಟ.

"ಎಷ್ಟಪ್ಪ?" ಅಂದೆ. "ಟವಲೊಳಗಿನ ಮಾತು ಈಚೆಗೆ ಬರಾಕಿಲ್ಲ ಕಣವ್ವ" ಅಂದ. ಮುಖ ಮಾತ್ರ ಬೆಳಗಿತ್ತು. ಎಷ್ಟು ತಿಂಗಳ ಮೇಲೆ ನಕ್ಕದ್ದು ಅಂತೀಯ! ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, "ಕೈ ಮರ್ತಿಲ್ಲ ಕಣ್ ಪಾರು. ಮೂರೇ ಬೆರಳಿದ್ರೂ ಮರ್ತಿಲ್ಲ. ಈ ಸಲ ಹೇಮಗಿರೀಗೆ ನಾನೇ ಓಯ್ತೀನಿ" ಅಂದ. ನನಗೆ ದುಡ್ಡಿನ ಮಾತೇ ಮರೆತುಹೋಯಿತು. ರಸಬಾಳೆಯನ್ನು ಮಾತ್ರ ನಾನು ಮುಟ್ಟಲಿಲ್ಲ, ಎದುರುಮನೆ ಹಸುವಿಗೆ ಹಾಕಿಬಂದೆ.

ಹಾಗಾಗಿ ದಾವಾ ಬೇಡ ಎಂದು ಅಪ್ಪನ ಅಪ್ಪಣೆ. ನಿನ್ನ ಭಾವ ಚಿಕ್ಕಮಾದಯ್ಯನವರು ಅಂಗಡಿಯಲ್ಲಿ ಕೂತು, ನಿಮ್ಮಪ್ಪನಿಗೆ ಬುದ್ಧಿ ಇಲ್ಲ ಅನ್ನುತ್ತಿದ್ದಾರೆ. ನೀನೇನನ್ನುತ್ತೀಯೋ ಬರೆ.

ಇಂತಿ ನಿನ್ನ ಅಕ್ಕ
ಪಾರ್ವತಿ


ಶ್ರೀರಂಗಪಟ್ಟಣ
೧೦ ನವೆಂಬರ್ ೧೯೩೫

ಅಕ್ಕನಿಗೆ ಶಿವಲಿಂಗಯ್ಯನ ಶರಣು.

ನಿನ್ನ ಕಾಗದವನ್ನು ವಕೀಲರಿಗೆ ಓದಿ ಹೇಳಿದೆ. ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ವಿಷಯ ಕೆಟ್ಟಿದೆ ಎಂದೇ ಅರ್ಥ.

ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಮೈಗೆ ಆದ ಪೆಟ್ಟಿಗೆ ಪರಿಹಾರ ಕೇಳುವುದಿದ್ದರೆ ಪೆಟ್ಟಾದ ದಿನದಿಂದ ಒಂದು ವರ್ಷದ ಒಳಗೆ ದಾವಾ ಹೂಡಬೇಕು. ಅಪ್ಪನಿಗೆ ಕಾರು ಬಡಿದದ್ದು ಫೆಬ್ರವರಿ ಹದಿನೆಂಟರಂದು. ಬರುವ ಫೆಬ್ರವರಿ ಹದಿನೆಂಟು ದಾಟಿದರೆ ಸದರಿ ಕರಿಯಪ್ಪನವರು ನಮ್ಮ ಮುಂದೆಯೇ ಮೀಸೆ ತಿರುವಿಕೊಂಡು ಹೋಗಬಹುದು, ಯಾವ ಕೋರ್ಟೂ ಕೇಳುವುದಿಲ್ಲ. ತಿಂಗಳೊಪ್ಪತ್ತು, ಸಂಕ್ರಾಂತಿ ಕಳೆಯಲಿ, ಜಾತ್ರೆ ಮುಗಿಯಲಿ ಎಂದು ಸಿಹಿಮಾತಿನಲ್ಲಿ ದಿನ ತಳ್ಳುವುದು ಮೋಟಾರು ಇಟ್ಟವರೆಲ್ಲ ಕಲಿತಿರುವ ವಿದ್ಯೆಯಂತೆ.

ಎಷ್ಟು ಕೇಳಬೇಕು ಎನ್ನುವುದಕ್ಕೂ ಒಂದು ಕ್ರಮವಿದೆ. ಆಸ್ಪತ್ರೆಯ ಖರ್ಚು ಒಂದು. ಮಲಗಿದ್ದ ತಿಂಗಳುಗಳ ಸಂಪಾದನೆ ಹೋದದ್ದು ಇನ್ನೊಂದು. ಅನುಭವಿಸಿದ ನೋವಿಗೆ ಇಷ್ಟು ಎಂದು ಬೇರೆ. ಎಲ್ಲಕ್ಕಿಂತ ದೊಡ್ಡದು, ಮುಂದಿನ ದುಡಿಮೆಗೆ ಬಿದ್ದ ಹೊಡೆತ. ಅಪ್ಪ ಇನ್ನು ಮುಂದೆ ಎಷ್ಟರಮಟ್ಟಿಗೆ ದುಡಿಯಬಲ್ಲರು ಎನ್ನುವುದರ ಮೇಲೆ ಇಡೀ ದಾವಾ ನಿಂತಿದೆ. ಎದುರು ವಕೀಲರು ಕಾರ್ಖಾನೆ ಕೂಲಿಗಳ ಪರಿಹಾರದ ಕಾನೂನನ್ನು ತಂದು ತೋರಿಸುತ್ತಾರೆ. ಅದರಲ್ಲಿ ಹೆಬ್ಬೆರಳಿಗೆ ಹೆಚ್ಚು, ತೋರುಬೆರಳಿಗೆ ಅದಕ್ಕಿಂತ ಕಡಿಮೆ, ಉಳಿದ ಬೆರಳುಗಳಿಗೆ ತೀರಾ ಕಡಿಮೆ. ದಲ್ಲಾಳಿಯ ಕೆಲಸವೇ ಬೇರೆ ಎಂದು ನಾವು ಸಾಧಿಸಬೇಕು. ಎಷ್ಟು ಸಂಪಾದಿಸುತ್ತಿದ್ದರು ಎನ್ನುವುದಕ್ಕೆ ಅಪ್ಪನ ಹತ್ತಿರ ಒಂದು ಚೀಟಿಯೂ ಇಲ್ಲ. ವಕೀಲರು ಸಾವಿರದೈನೂರಕ್ಕೆ ಹಾಕೋಣ ಅನ್ನುತ್ತಾರೆ.

"ಕೈ ಮರೆತಿಲ್ಲ, ಹೇಮಗಿರಿಗೆ ನಾನೇ ಹೋಗುತ್ತೇನೆ" ಎಂದು ಅಪ್ಪ ಊರೆಲ್ಲ ಹೇಳಿಕೊಂಡು ಬರದಂತೆ ನೋಡಿಕೋ. ಒಂದು ಜೋಡಿ ಎತ್ತು ಮಾರಿಸಿದರೂ ಸಾಕು, ಕೈ ನೆಟ್ಟಗಿದೆ ಎಂದು ಅದನ್ನೇ ಕೋರ್ಟಿಗೆ ತರುತ್ತಾರೆ.

ಟವಲಿನೊಳಗೆ ಆದ ಮೊತ್ತ ಎಷ್ಟು? ಅದು ನಮಗೆ ಬೇಕೇ ಬೇಕು.

ಇಂತಿ
ಶಿವಲಿಂಗಯ್ಯ


ಕೃಷ್ಣರಾಜಪೇಟೆ
೧೯ ಡಿಸೆಂಬರ್ ೧೯೩೫

ಶಿವಲಿಂಗಾ,

ಇಷ್ಟು ದಿನ ಬರೆಯಲಿಲ್ಲ ಎಂದು ಕೋಪ ಬೇಡ. ನಿನ್ನ ಕಾಗದ ಓದಿ ಹೇಳಿದಾಗ ಅಪ್ಪ ಎಲೆಯಡಿಕೆ ಉಗುಳಿ ಎದ್ದುಹೋದ. "ಅವ್ರ ಕಾರ್ಖಾನೇಲಿ ಕಿರುಬೆರಳು ಮೂಲೆ ಬೆರಳು. ನಮ್ಮಲ್ಲಿ ಅದಿಲ್ದೆ ಐದು ಎಂಗಾದಾತು? ಓದ್ದೋರ್ಗೆ ಏನ್ ಗೊತ್ತು" ಅಂದದ್ದೇ ಕೊನೆ, ದಾವಾದ ಸುದ್ದಿ ಎತ್ತಿದರೆ ಊಟ ಬಿಡುತ್ತಿದ್ದ. ನಿನ್ನ ಸದರಿ ಮೇಲ್ಕಂಡ ಭಾಷೆಯನ್ನು ಅಪ್ಪನಿಗೆ ಓದಿ ಹೇಳುವ ಕಷ್ಟ ನನಗೇ ಗೊತ್ತು.

ಈಗ ಎಲ್ಲ ತಲೆಕೆಳಗಾಗಿದೆ.

ಮೊನ್ನೆ ಕರಿಯಪ್ಪನ ಗುಮಾಸ್ತೆ ಬೋರಯ್ಯ ದುಡ್ಡು ತಂದ. ಅಪ್ಪ ಕೈಕಾಲು ತೊಳೆದುಕೊಂಡು ಬಂದು ಕೂತ. ಬೋರಯ್ಯ ಎಣಿಸಿದ. ಮುನ್ನೂರಕ್ಕೆ ನಿಂತಿತು. ಅಪ್ಪ ಇನ್ನೂ ಕೈ ಒಡ್ಡಿಕೊಂಡೇ ಇದ್ದಾನೆ.

"ಮಿಕ್ಕಿದ್ದು?"

"ಮಿಕ್ಕಿದ್ದೇನು? ಯಜಮಾನ್ರು ಮೂರು ಅಂದವ್ರೆ."

"ಐದು ಕಣಯ್ಯ! ಐದೂ ಬೆರಳು ಇಡ್ದವ್ನೆ. ನಾನೇನ್ ನಿನ್ನೆ ಮೊನ್ನೆ ಕಸಬಿಗೆ ಬಂದೋನಾ?"

ಬೋರಯ್ಯ ದುಡ್ಡು ಗಂಟು ಕಟ್ಟಿಕೊಂಡು ಹೋದ. ಮಾರನೆಯ ದಿನ ಅಪ್ಪ ನಾಗಮಂಗಲಕ್ಕೆ ಬಸ್ಸು ಹತ್ತಿದ. ಕರಿಯಪ್ಪನ ಬಸ್ಸು ಹತ್ತಲಿಲ್ಲ, ಬೇರೆಯವರದಕ್ಕೆ ಕಾದು ಹೋದ. ಬಸ್ ಸ್ಟ್ಯಾಂಡಿನಲ್ಲೇ, ಹತ್ತು ಜನರೆದುರು, ಕರಿಯಪ್ಪ ತನ್ನ ಮಕ್ಕಳ ಮೇಲೆ ಆಣೆ ಹಾಕಿ ಮೂರು ಅಂದನಂತೆ. ಅಪ್ಪ ನಮ್ಮಿಬ್ಬರ ಮೇಲೆ ಆಣೆ ಹಾಕಿ ಐದು ಅಂದನಂತೆ. ಪಾಪ, ನಮ್ಮನ್ನು ಕೇಳದೆ!

ಅಪ್ಪ ಮನೆಗೆ ಬಂದವನು ನೀರು ಕುಡಿಯಲಿಲ್ಲ. "ಬೆರಳು ತಗೊಂಡ, ಸುಮ್ಕಿದ್ದೆ. ರಸ್ತೆ, ಎತ್ತು ಬೆದರ್ತು, ಇಬ್ರುದೂ ತಪ್ಪು ಅಂದ್ಕಂಡೆ. ಈಗ ನನ್ನ ಮಾತು ತಗೊಂಡ. ಟವಲೊಳಗೆ ಯಾವ ಮುಂಡೇಗಂಡನೂ ಇಂಗೆ ಮಾಡಿರ್ಲಿಲ್ಲ. ಆಕವ್ವ ದಾವಾ. ಶಿವಲಿಂಗಂಗೆ ಬರಿ" ಅಂದ.

ಹೊಟ್ಟೆ ಉರಿಯುತ್ತಿದೆ ಕಣೋ. ಆ ಕರಿಯಪ್ಪನ ಬಾಯಿ ಸೇದಿಹೋಗ. ಯಾವ ಕಾಗದಕ್ಕೆ ಹೆಬ್ಬೆಟ್ಟು ಬೇಕೋ ಕಳಿಸು, ಒತ್ತಿಸಿ ಕಳಿಸುತ್ತೇನೆ.

ಪಾರ್ವತಿ


ಶ್ರೀರಂಗಪಟ್ಟಣ
೬ ಜನವರಿ ೧೯೩೬

ಅಕ್ಕನಿಗೆ ಶರಣು.

ದಾವಾ ದಾಖಲಾಯಿತು. ಇನ್ನು ಫೆಬ್ರವರಿ ಹದಿನೆಂಟರ ಭಯವಿಲ್ಲ. ಕೋರ್ಟು ಫೀಜನ್ನು ವಕೀಲರೇ ಕಟ್ಟಿದ್ದಾರೆ, ನನ್ನ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಸೋತರೆ ಎದುರಿನವರ ಖರ್ಚೂ ನಮ್ಮ ತಲೆಗೇ.

"ಪ್ರತಿವಾದಿಯು ತನ್ನ ತಪ್ಪನ್ನು ಒಪ್ಪಿ ಐನೂರು ರೂಪಾಯಿ ಕೊಡುವುದಾಗಿ ಟವಲಿನೊಳಗೆ ಮಾತು ಕೊಟ್ಟು, ಆಮೇಲೆ ದುರ್ಬುದ್ಧಿಯಿಂದ ಮಾತಿಗೆ ತಪ್ಪಿದ್ದಾನೆ" ಎಂದು ಬರೆದಿದ್ದೇವೆ. ವಕೀಲರು ಇದನ್ನು ನಮ್ಮ ದಾವಾದ ಬೆನ್ನುಮೂಳೆ ಅನ್ನುತ್ತಾರೆ. ಕ್ಯಾತನಹಳ್ಳಿಯ ನಿಂಗಯ್ಯನವರು ಕಬ್ಬಿನ ಗಾಡಿಗೆ ಅಪ್ಪನಿಂದಲೇ ಎಷ್ಟು ಜೋಡಿ ಕೊಂಡರೆಂದು ಸಾಕ್ಷಿ ಹೇಳಲು ಒಪ್ಪಿದ್ದಾರೆ. ಇಲ್ಲಿ ಆಗಲೇ ಮಾತು ಹಬ್ಬಿದೆ. ಕರಿಯಪ್ಪನ ಬಸ್ಸು ನಿಂತರೆ ಜನ "ಬೆರಳು ನುಂಗಿದೋನ ಬಸ್ಸು ಬಂತು" ಅನ್ನುತ್ತಾರಂತೆ. ಕೇಳಿ ನನಗಂತೂ ಸಂತೋಷವಾಯಿತು.

ಇಂತಿ
ಶಿವಲಿಂಗಯ್ಯ


ಕೃಷ್ಣರಾಜಪೇಟೆ
೨೦ ಜನವರಿ ೧೯೩೬

ಚಿರಂಜೀವಿ ಶಿವಲಿಂಗನಿಗೆ,

ಈ ಕಾಗದವನ್ನು ವಕೀಲರಿಗೆ ಓದಬೇಡ. ನೀನೊಬ್ಬನೇ ಓದು.

ನಿನ್ನೆ ಬೆಳಗ್ಗೆ ಅಪ್ಪನಿಗೆ ಎಣ್ಣೆನೀರು ಹಾಕಲು ಕೂರಿಸಿದ್ದೆ. ಬಲಗೈಗೆ ಹರಳೆಣ್ಣೆ ತಿಕ್ಕುತ್ತಿದ್ದೆ. ಅಪ್ಪ ಕಣ್ಣು ಮುಚ್ಚಿಕೊಂಡು, "ಕಿರುಬೆರಳ ಸಂದೀಗೂ ತಿಕ್ಕವ್ವ, ಅಲ್ಲೇ ಕಡಿತಾ ಅದೆ" ಅಂದ. ತಮಾಷೆಗೆ ಅಂದನೇನೋ ಎಂದು ಮುಖ ನೋಡಿದೆ. ತಮಾಷೆಯಲ್ಲ. ನಾನು ಇಲ್ಲದ ಬೆರಳಿನ ಜಾಗದಲ್ಲಿ, ಗಾಳಿಯಲ್ಲಿ, ಸುಮ್ಮನೆ ಕೈಯಾಡಿಸಿದೆ. "ಆಂ, ಅಲ್ಲೇ, ಅಲ್ಲೇ" ಎಂದು ಹಾಯಾಗಿ ತಲೆದೂಗಿದ. ಆಮೇಲೆ ಕಣ್ಣು ಬಿಟ್ಟು, ತನಗೇ ನಾಚಿಕೆಯಾಗಿ, "ಒಂದೊಂದ್ಸಲ ಅಂಗೆ ಇರೋ ಅಂಗೆ ಆಯ್ತದೆ ಬುಡು" ಅಂದ.

ನೀರು ಹಾಕುವ ಚೊಂಬು ಕೈಯಲ್ಲೇ ಉಳಿಯಿತು.

ಕರಿಯಪ್ಪ ಮೂರೇ ಹಿಡಿದಿದ್ದರೆ? ಅಪ್ಪನ ಕೈಗೆ ಅದು ಐದಾಗಿ ಕೇಳಿಸಿದ್ದರೆ? ಇರುವುದೇ ಮೂರು ಬೆರಳು, ಐದು ಹಿಡಿಯುವುದು ಹೇಗೆ ಎಂದು ನಮಗ್ಯಾರಿಗೂ ಹೊಳೆಯಲೇ ಇಲ್ಲವಲ್ಲ! ಟವಲು ಮುಚ್ಚಿತ್ತಲ್ಲ, ಕಣ್ಣಿಗೆ ಕಾಣುವ ಮಾತೇ ಇಲ್ಲ. ಅಪಘಾತವಾದ ಮೇಲೆ ಆ ಕೈ ಟವಲಿನೊಳಗೆ ಹೋದದ್ದೂ ಅದೇ ಮೊದಲು.

ಅವನು ಮಕ್ಕಳ ಮೇಲೆ ಆಣೆ ಹಾಕಿದನಂತಲ್ಲ. ಅವನ ಬಾಯಿ ಸೇದಿಹೋಗಲಿ ಎಂದು ನಾನು ಶಾಪ ಹಾಕಿದ್ದೆ. ರಾತ್ರಿಯಿಂದ ಒಂದು ತುತ್ತು ಇಳಿದಿಲ್ಲ. ಅಪ್ಪನಿಗೆ ಹೇಳಲೋ ಬೇಡವೋ? ಹೇಳಿದರೆ ದಾವಾ ಏನಾಗುತ್ತದೆ? ಅಪ್ಪ ಏನಾಗುತ್ತಾನೆ? ಹೇಮಗಿರಿ ಜಾತ್ರೆಗೆಂದು ಹೊಸ ಟವಲು ತರಿಸಿಟ್ಟುಕೊಂಡಿದ್ದಾನೆ ಕಣೋ. ನೀನು ಬೇಡ ಅಂದದ್ದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಬೇಗ ಬರೆ.

ಪಾರ್ವತಿ


ಶ್ರೀರಂಗಪಟ್ಟಣ
೨೪ ಜನವರಿ ೧೯೩೬

ಅಕ್ಕ,

ನಿನ್ನ ಕಾಗದ ಸುಟ್ಟುಹಾಕಿದ್ದೇನೆ. ಅಪ್ಪನಿಗೆ ಹೇಳಬೇಡ. ಭಾವನವರಿಗೂ ಹೇಳಬೇಡ. ಕನಸಿನಲ್ಲೂ ಬಾಯಿ ಬಿಡಬೇಡ.

ಇಲ್ಲಿ ಪರಿಚಯದ ಡಾಕ್ಟರೊಬ್ಬರನ್ನು ಯಾರದೋ ವಿಷಯ ಎನ್ನುವಂತೆ ಕೇಳಿದೆ. ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗೆ ಇಲ್ಲದ ಪಾದ ತುರಿಸುವುದುಂಟಂತೆ, ವರ್ಷಗಟ್ಟಲೆ ಇರುತ್ತದಂತೆ. ಹಾಗಾದರೆ ನಿನ್ನ ಅನುಮಾನ ನಿಜವಿರಬಹುದು. ಇದ್ದರೆ ಇರಲಿ. ಅಪ್ಪ ಬೇಕೆಂದು ಸುಳ್ಳು ಹೇಳುತ್ತಿಲ್ಲವಲ್ಲ. ತನಗೆ ನಿಜವೆನ್ನಿಸಿದ್ದನ್ನು ಹೇಳಿದರೆ ಅದು ಸುಳ್ಳುಸಾಕ್ಷಿ ಆಗುವುದಿಲ್ಲ. ಗೊತ್ತಾದ ಮೇಲೆ ಹೇಳಿದರೆ ಆಗುತ್ತದೆ. ಆದ್ದರಿಂದ ಅವರಿಗೆ ಗೊತ್ತಾಗಬಾರದು. ಅಷ್ಟೇ.

ಕರಿಯಪ್ಪನ ಮೇಲೆ ಕನಿಕರ ಬೇಡ. ಅವನ ಜವಾಬು ಕೋರ್ಟಿಗೆ ಬಂದಿದೆ. ಹಗ್ಗವನ್ನು ಕೈಗೆ ಸುತ್ತಿಕೊಂಡದ್ದು ಅಪ್ಪನದೇ ತಪ್ಪಂತೆ. ಕನಿಕರಪಟ್ಟು ಮುನ್ನೂರು ಕೊಡಲು ಹೋದನಂತೆ. "ವಾದಿಯು ದಲ್ಲಾಳಿಯಾದ್ದರಿಂದ ಸುಳ್ಳು ಹೇಳುವುದೇ ಅವನ ಕಸಬು" ಎಂದು ಬರೆಸಿದ್ದಾನೆ. ಅದನ್ನು ನನ್ನ ಕೈಯಿಂದಲೇ ನಕಲು ಮಾಡಿದೆ. ಅಕ್ಷರ ಅಕ್ಷರಕ್ಕೂ ಕೈ ಸುಟ್ಟಿತು.

ಜಾತ್ರೆಗೆ ಮಾತ್ರ ಹೋಗಲು ಬಿಡಬೇಡ. ಜ್ವರ ಅನ್ನು, ಹೊಟ್ಟೆನೋವು ಅನ್ನು, ಏನಾದರೂ ಅನ್ನು.

ಶಿವಲಿಂಗಯ್ಯ


ಕೃಷ್ಣರಾಜಪೇಟೆ
೪ ಫೆಬ್ರವರಿ ೧೯೩೬

ಶಿವಲಿಂಗಾ,

ನಿನ್ನ ಮಾತು ನಡೆಸಲು ನನ್ನಿಂದ ಆಗಲಿಲ್ಲ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಜ್ವರ ಅಂದೆ. ಅಪ್ಪ ತನ್ನ ಹಣೆ ಮುಟ್ಟಿ ನೋಡಿಕೊಂಡು ನಕ್ಕ. ಹೊಟ್ಟೆನೋವು ನನಗೇ ಅಂದೆ. "ಓಮಿನ ಕಾಳು ತಿನ್ನು" ಅಂದ. ಶುಕ್ರವಾರ ಬೆಳಗ್ಗೆ ಎದ್ದವನೇ ಸ್ನಾನ ಮಾಡಿ, ವಿಭೂತಿ ಇಟ್ಟು, ಹೊಸ ಟವಲನ್ನು ಹೆಗಲಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿಯೇಬಿಟ್ಟ. ಮದುವೆ ಗಂಡಿನ ಸಂಭ್ರಮ. ಗೂಡೇಹೊಸಹಳ್ಳಿಯ ಯಾವುದೋ ಮುದುಕಿ ಇದ್ದ ಒಂದೇ ಜೋಡಿ ಮಾರುವುದಕ್ಕೆ ಬರುತ್ತಾಳಂತೆ, ಅಂದಾನಯ್ಯನ ಕೈಯಲ್ಲೇ ಆಗಬೇಕು ಅಂದಳಂತೆ. ಅದನ್ನು ಕೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ನಿನ್ನ ದಾವಾ ನಿನಗೆ ದೊಡ್ಡದು. ಆ ಮುದುಕಿ ಏನು ಮಾಡಿದ್ದಳು?

"ಅಪ್ಪ, ಒಂದ್ ಗಳಿಗೆ ಕೂತ್ಕೋ. ನಂಗೂ ಒಂದ್ ವ್ಯಾಪಾರ ಮಾಡ್ಕೊಡು" ಅಂದೆ.

"ನಿಂದೇನವ್ವ ಮಾರಾಕೆ ಐತೆ? ಚಿಕ್ಕಮಾದಯ್ಯನ್ನಾ?" ಎಂದು ನಗುತ್ತಲೇ ಕೂತ.

ಸೆರಗನ್ನು ಅವನ ಕೈ ಮೇಲೆ ಹಾಕಿದೆ. ಒಳಗೆ ಕೈ ಇಟ್ಟೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಇರುವ ಮೂರನ್ನೂ ಒಟ್ಟಿಗೆ ಸೇರಿಸಿ ಬಿಗಿಯಾಗಿ ಹಿಡಿದೆ. "ಹತ್ತರಲ್ಲಿ. ಎಷ್ಟು ಅಂತ ಏಳಪ್ಪ" ಅಂದೆ. ಬಾಯಲ್ಲಿ ಹೇಳಬಾರದು ಎಂದು ಗೊಣಗಿದ. ಆದರೂ ಕೇಳಿದವಳು ಮಗಳಲ್ಲವೇ, ಹೇಳಿದ.

"ಐದು. ಕಿರುಬೆರಳ್ನ ನೋಯೋ ಅಂಗೆ ಇಡ್ದಿದ್ದೀಯಲ್ಲವ್ವ, ಮೆಲ್ಲಗೆ..."

ಮಾತು ಅಲ್ಲಿಗೇ ನಿಂತಿತು. ನಾನು ಸೆರಗು ತೆಗೆಯಲಿಲ್ಲ, ದೇವರಾಣೆಗೂ ತೆಗೆಯಲಿಲ್ಲ. ಅವನೇ ತೆಗೆದ. ನನ್ನ ಮುಷ್ಟಿಯಲ್ಲಿ ಅವನ ಮೂರು ಬೆರಳು. ನೋಡಿದ. ನೋಡುತ್ತಲೇ ಇದ್ದ. ನಾನು ಅಳುವುದಕ್ಕೆ ಶುರುಮಾಡಿದೆ.

"ಕರಿಯಪ್ಪ ಮೂರೇ ಇಡ್ದಿದ್ದ" ಅಂದ. ಆಮೇಲೆ, "ಎಡಗೈಲಿ ಮಾಡ್ಬೋದೇನೋ" ಅಂದ. ಎಡಗೈಯನ್ನು ಮುಂದೆ ಹಿಡಿದು ನೋಡಿಕೊಂಡ. "ಊಹೂಂ. ಇದ್ಕೆ ಏನೂ ತಿಳ್ಯಾಕಿಲ್ಲ" ಎಂದು ತಾನೇ ಕೆಳಗಿಳಿಸಿದ.

ಹೇಮಗಿರಿಗೆ ಹೋಗಲಿಲ್ಲ. ಮುದುಕಿಗೆ ಬೇರೆ ದಲ್ಲಾಳಿಯನ್ನು ನೋಡಿಕೊಳ್ಳಲು ಹೇಳಿಕಳಿಸಿದ. ಇವತ್ತು ಬೆಳಗ್ಗೆ ಒಂದೇ ಮಾತು ಆಡಿದ, "ಕೋರ್ಟಿಗೆ ಯಾವತ್ತು ಕರೀತಾರೆ ಕೇಳು. ನಾನು ಕರಿಯಪ್ಪನ ಮೇಲೆ ಸುಳ್ಳು ಆಣೆ ಆಕಿವ್ನಿ. ಅಳಿಸ್ಬೇಕು" ಅಂದ.

ನಾನು ತಪ್ಪು ಮಾಡಿದೆನೋ ಸರಿ ಮಾಡಿದೆನೋ ನನಗೆ ತಿಳಿಯದು. ಮತ್ತೆ ಅದೇ ಹೊತ್ತು ಬಂದರೆ ಮತ್ತೆ ಅದನ್ನೇ ಮಾಡುತ್ತೇನೆ.

ಪಾರ್ವತಿ


ಶ್ರೀರಂಗಪಟ್ಟಣ
೧ ಜೂನ್ ೧೯೩೬

ಅಕ್ಕ,

ನಾಲ್ಕು ತಿಂಗಳಿಂದ ನಾನು ಬರೆಯದೆ ಇದ್ದದ್ದು ಏಕೆಂದು ನಿನಗೆ ಗೊತ್ತಿದೆ. ಈಗಲೂ ಬರೆಯುವ ಮನಸ್ಸಿರಲಿಲ್ಲ.

ವಿಚಾರಣೆ ಜೂನ್ ಇಪ್ಪತ್ತೆರಡಕ್ಕೆ. ಅಪ್ಪನನ್ನು ಹಿಂದಿನ ದಿನವೇ ಬಸ್ಸಿಗೆ ಹತ್ತಿಸು. ಹತ್ತಿಸುವ ಮೊದಲು ಒಂದು ಸಲ ಕಾಲು ಹಿಡಿದು ಹೇಳು: ಕೇಳಿದ್ದಕ್ಕೆ ಮಾತ್ರ ಉತ್ತರ. ವಕೀಲರು ಐನೂರರ ಸುದ್ದಿಯನ್ನು ತಾವಾಗಿ ಎತ್ತುವುದಿಲ್ಲ ಎಂದು ಒಪ್ಪಿದ್ದಾರೆ. ಅಪ್ಪ ಎತ್ತದಿದ್ದರೆ ಸಾಕು. ಎತ್ತಿದರೆ ನಮ್ಮ ದಾವಾದಲ್ಲಿ ಬರೆದದ್ದೇ ಸುಳ್ಳಾಗುತ್ತದೆ. ನನಗೆ ಇಲ್ಲಿ ಮುಖ ಎತ್ತಿ ತಿರುಗಾಡಲು ಆಗುವುದಿಲ್ಲ, ಕೆಲಸವೂ ಉಳಿಯುವುದಿಲ್ಲ.

ಶಿವಲಿಂಗಯ್ಯ


ಶ್ರೀರಂಗಪಟ್ಟಣ
೨೪ ಜೂನ್ ೧೯೩೬

ಅಕ್ಕನಿಗೆ ಶಿವಲಿಂಗನ ಶರಣು.

ಅಪ್ಪ ಇನ್ನೂ ಎರಡು ದಿನ ಇಲ್ಲಿಯೇ ಇರುತ್ತೇನೆ ಅನ್ನುತ್ತಿದ್ದಾರೆ. ನದಿಯಲ್ಲಿ ಮುಳುಗು ಹಾಕಿ ಬಂದು ಈಗ ಪಕ್ಕದಲ್ಲೇ ಮಲಗಿದ್ದಾರೆ. ಅವರು ಬರುವ ಮೊದಲು ಈ ಕಾಗದ ನಿನಗೆ ಸಿಗಲಿ ಎಂದು ಬರೆಯುತ್ತಿದ್ದೇನೆ.

ವಕೀಲರು ಕಾರಿನ ಬಗ್ಗೆ ಕೇಳಿದರು, ಆಸ್ಪತ್ರೆಯ ಬಗ್ಗೆ ಕೇಳಿದರು. ಅಪ್ಪ ಸರಿಯಾಗಿಯೇ ಹೇಳಿದರು. ಹೋದ ಜೀವ ಬಂದಂತಾಯಿತು. ಇನ್ನು ಕೂರಬಹುದು ಅಂದರು ವಕೀಲರು. ಅಪ್ಪ ಕೂರಲಿಲ್ಲ.

"ಸ್ವಾಮಿ, ಯಾರೂ ಕೇಳ್ದೆ ಇರೋದು ಒಂದೈತೆ" ಅಂದರು.

ವಕೀಲರು ಕೆಮ್ಮಿದರು. ನಾನು ಹಿಂದಿನಿಂದ ಅಪ್ಪನ ಪಂಚೆ ಎಳೆದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ಕೋರ್ಟಿನಲ್ಲಿ ನಿಂತು ಅಪ್ಪನ ಪಂಚೆ ಎಳೆದೆ. ಅವರು ತಿರುಗಿಯೂ ನೋಡಲಿಲ್ಲ.

"ಕರಿಯಪ್ಪ ಐದು ಇಡ್ದ ಅಂತ ಬರ್ಸಿವ್ನಿ. ಅದು ಸುಳ್ಳು. ಅವನು ಮೂರೇ ಇಡ್ದಿದ್ದ. ನನ್ನ ಕೈ ನಂಗೆ ಐದು ಅಂತ ಏಳ್ತು. ಈ ಕೈ ಈಗ ಸುಳ್ಳು ಏಳ್ತದೆ ಸ್ವಾಮಿ. ಇಲ್ದಿರೋ ಬೆರಳ್ನ ಐತೆ ಅಂತದೆ. ಕರಿಯಪ್ಪನ್ನ ಸುಳ್ಳುಗಾರ ಅಂದಿದ್ದು ನಂದು ತಪ್ಪಾಯ್ತು."

ಎದುರು ವಕೀಲರ ಮುಖ ಊರಗಲವಾಯಿತು. ಎದ್ದು ನಿಂತು, ದಾವಾ ವಜಾ ಮಾಡಬೇಕು ಎಂದು ಶುರುಮಾಡಿದರು. ಮುನ್ಸೀಫರು ಕೈಯೆತ್ತಿ ಅವರನ್ನು ಕೂರಿಸಿದರು. ಬೆಲೆಯನ್ನು ಬಾಯಲ್ಲೇ ಹೇಳಿ ವ್ಯಾಪಾರ ಮಾಡಬಹುದಲ್ಲ, ಕೈ ಇಲ್ಲದಿದ್ದರೇನು ಎಂದು ಅಪ್ಪನನ್ನೇ ಕೇಳಿದರು.

"ಬಾಯಲ್ಲಿ ಏಳೋ ಅಂಗಿದ್ರೆ ದಲ್ಲಾಳಿ ಯಾಕೆ ಸ್ವಾಮಿ ಬೇಕು? ಕೊಳ್ಳೋನು ಮಾರೋನು ಅವರವರೇ ಕೂಗಾಡ್ಕಳ್ಳಲ್ವಾ? ಕೈ ನಂಬಿ ಕರೀತಿದ್ರು. ಇನ್ಮೇಲೆ ನಾನು ದಲ್ಲಾಳಿ ಅಲ್ಲ" ಅಂದರು. ಅಳಲಿಲ್ಲ. ಹೆಸರು, ಊರು ಹೇಳಿದ ಹಾಗೆಯೇ ಹೇಳಿದರು.

ಕರಿಯಪ್ಪ ಅಷ್ಟು ಹೊತ್ತೂ ನೆಲ ನೋಡುತ್ತಿದ್ದ. ಅವನ ವಕೀಲರು ತೋಳು ಹಿಡಿದರೂ ಕೊಸರಿಕೊಂಡು ಎದ್ದ. "ಸ್ವಾಮಿ, ನಾನು ಇಡ್ದಿದ್ದು ಮೂರು. ಅವನ ಕೈಲಿ ಇದ್ದಿದ್ದೇ ಮೂರು. ಮಿಕ್ಕ ಎರಡ್ನ ಇಡಿಯಾನ ಅಂದ್ರೆ ನಾನೇ ತೆಗೆಸ್ಬುಟ್ಟಿದ್ದೆ" ಅಂದ. ಮುನ್ಸೀಫರು ಇಬ್ಬರೂ ವಕೀಲರನ್ನು ನೋಡಿ, ಊಟದ ಹೊತ್ತಿನಲ್ಲಿ ಹೊರಗೆ ಕೂತು ಮಾತಾಡಿಕೊಂಡು ಬನ್ನಿ ಅಂದರು.

ಜಗುಲಿಯಲ್ಲಿ ಕರಿಯಪ್ಪ ರೂಢಿಯಂತೆ ಟವಲು ತೆಗೆದ. ಅಪ್ಪ ಎರಡು ಕೈಯನ್ನೂ ಕಂಕುಳಲ್ಲಿ ಇಟ್ಟುಕೊಂಡರು. "ಬಾಯಲ್ಲೇ ಏಳಯ್ಯ ಕರಿಯಪ್ಪ, ಎಲ್ರೂ ಕೇಳ್ಲಿ" ಅಂದರು. ಅವನು ಆರುನೂರು ಅಂದ. ಅಪ್ಪ ಸಾವಿರ ಅಂದರು. ಅಕ್ಕ, ಅಪ್ಪ ಒಂದು ಬೆಲೆಯನ್ನು ಗಟ್ಟಿಯಾಗಿ ಹೇಳಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ಒಂಬೈನೂರಕ್ಕೆ ನಿಂತಿತು, ಕೋರ್ಟಿನ ಖರ್ಚು ಅವನದೇ. ರಾಜಿ ಅರ್ಜಿಗೆ ಇಬ್ಬರೂ ಹೆಬ್ಬೆಟ್ಟು ಒತ್ತಿದರು.

ವಕೀಲರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ತನ್ನ ಸಾಕ್ಷಿಯನ್ನು ತಾನೇ ಇಷ್ಟು ಕೆಡಿಸಿಕೊಂಡೂ ಇಷ್ಟು ದಕ್ಕಿಸಿಕೊಂಡ ಕಕ್ಷಿಗಾರನನ್ನು ತಮ್ಮ ಜೀವಮಾನದಲ್ಲಿ ಕಂಡಿಲ್ಲ ಅಂದರು. ನನಗೆ ನಗು ಬರಲಿಲ್ಲ. ನೀನು ಸೆರಗಿನೊಳಗೆ ಕೈ ಇಟ್ಟದ್ದಕ್ಕೆ ನಾಲ್ಕು ತಿಂಗಳು ಮಾತು ಬಿಟ್ಟೆನಲ್ಲ, ಅದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ.

ನಿನ್ನ ತಮ್ಮ
ಶಿವಲಿಂಗ


ಕೃಷ್ಣರಾಜಪೇಟೆ
೯ ಜುಲೈ ೧೯೩೬

ಚಿರಂಜೀವಿ ಶಿವಲಿಂಗನಿಗೆ ಅಕ್ಕನ ಆಶೀರ್ವಾದ.

ಅಪ್ಪ ಸುಖವಾಗಿ ಬಂದು ಸೇರಿದ. ಹಣವೂ ಬಂತು. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಎಂದು ಬರೆದಿದ್ದೀಯ, ಇಟ್ಟುಕೊಳ್ಳುತ್ತೇನೆ. ದೀಪಾವಳಿಗೆ ಬರುವಾಗ ಒಂದು ಒಳ್ಳೆ ಸೀರೆ ತಂದರೆ ಆಮೇಲೆ ನೋಡೋಣ.

ನೀನು ಕೋರ್ಟಿನ ಸುದ್ದಿ ಬರೆದೆ. ಊರಿನ ಸುದ್ದಿ ಕೇಳು. ಅಂದಾನಯ್ಯನ ಕೈ ಸುಳ್ಳು ಹೇಳುತ್ತದೆ ಎಂದು ಅವನೇ ಜಡ್ಜಿಯ ಮುಂದೆ ಹೇಳಿದ ಎಂಬುದು ಅಪ್ಪ ಬರುವ ಮೊದಲೇ ಇಲ್ಲಿಗೆ ಬಂದಿತ್ತು. ಸೋಮವಾರದ ಸಂತೆಗೆ ಅಪ್ಪ ಸುಮ್ಮನೆ ನೋಡಿಬರಲು ಹೋದ. ಎಲ್ಲರೂ ಎದ್ದುನಿಂತು ಮಾತಾಡಿಸಿದರಂತೆ, ಕಾಫಿ ಕುಡಿಸಿದರಂತೆ. ದನದ ಹತ್ತಿರ ಮಾತ್ರ ಯಾರೂ ಕರೆಯಲಿಲ್ಲವಂತೆ. ಮೂವತ್ತು ವರ್ಷ ಆ ಸಂತೆಯಲ್ಲಿ ಅಪ್ಪನಿಗೆ ಕೂರಲು ಪುರುಸೊತ್ತಿರಲಿಲ್ಲ ಕಣೋ. ಸಂಜೆ ಬಂದು ಜಗುಲಿಯ ಮೇಲೆ ಕೂತ. ಆ ಮುಖ ನೋಡಿ ನನ್ನ ಕರುಳು ಕಿತ್ತುಬಂತು, ಕೋಪವೂ ಬಂತು.

"ನೀನ್ಯಾಕಪ್ಪ ಏಳೋಕೋದೆ? ವಕೀಲ್ರು ಕೇಳಿರ್ಲಿಲ್ಲ, ಜಡ್ಜಿ ಕೇಳಿರ್ಲಿಲ್ಲ. ಕರಿಯಪ್ಪನ ಮನೆಗೋಗಿ ಒಬ್ಬನ್ಗೇ ತಪ್ಪಾಯ್ತು ಅಂದಿದ್ರೆ ಮುಗೀತಿತ್ತು. ನಿನ್ನ ಅನ್ನಾನ ನೀನೇ ಊರೆಲ್ಲ ಕರೆದು ಚೆಲ್ಲಿದೆಯಲ್ಲ!" ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ.

ಅಪ್ಪ ಸಿಟ್ಟಾಗಲಿಲ್ಲ.

"ಕಾರು ಕೈ ಅರೀತು, ಕರಿಯಪ್ಪನ ಮೇಲೆ ದಾವಾ ಆಕ್ದೊ, ಒಂಬೈನೂರು ಬಂತು. ಸರಿ. ನಾನು ಸುಮ್ಕಿದ್ದು ನಾಳೆ ಯಾವಳೋ ಮುದುಕಿ ಎತ್ನ ಇಲ್ದಿರೋ ಬೆರಳಿಗೆ ಮಾರ್ಬುಟ್ಟಿದ್ರೆ, ಅವಳು ಯಾರ್ ಮ್ಯಾಲೆ ದಾವಾ ಆಕ್ಬೇಕಿತ್ತವ್ವ?" ಅಂದ.

ಇದಕ್ಕೆ ಜವಾಬು ನಿನ್ನ ವಕೀಲರ ಹತ್ತಿರ ಇದ್ದರೆ ಕೇಳಿ ಬರೆ.

ಇಂತಿ ನಿನ್ನ ಅಕ್ಕ
ಪಾರ್ವತಿ